ಒಣ ಯೀಸ್ಟಿನ ಜೀವಗಣತಿ

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಂಥ ಊರಿನಲ್ಲಿ ಹಾಲಿಗೆ ಹೆಪ್ಪು ಹಾಕುವ ಗೃಹಿಣಿಗೆ ಹೆಪ್ಪಿನ ಜೀವವನ್ನು ಎಣಿಸುವ ಪ್ರಮೇಯವೇ ಬಾರದು. ಬೆಳಗಾಗುವುದರೊಳಗೆ ಮೊಸರೇ ಸಾಕ್ಷಿ ನುಡಿಯುವುದು. ಪೇಟೆಯಿಂದ ತಂದ ಒಣ ಯೀಸ್ಟಿನ ಮಾತು ಬೇರೆ. ಜೀವವಿರುವ ಹರಳೂ ಸತ್ತ ಹರಳೂ ನೋಟಕ್ಕೆ ಒಂದೇ, ತೂಕಕ್ಕೂ ಒಂದೇ. ರಾಯಚೂರು ಸೀಮೆಯ 40 ಡಿಗ್ರಿ ಮೀರಿದ ಬೇಸಗೆಯು ಅದರಲ್ಲಿ ಎಷ್ಟನ್ನು ಕೊಂದಿತೆಂಬುದನ್ನು ಪೊಟ್ಟಣವು ಹೇಳಲಾರದು.

ಇದರಿಂದ ಮನೆಯಲ್ಲಿ ಕೆಡುವುದು ಒಂದು ಬ್ರೆಡ್ಡಿನ ಹಿಟ್ಟು. ಬಿಯರು ತಯಾರಿಸುವವರಿಗಾದರೋ ದೊಡ್ಡ ಹಂಡೆಯ ರಸವೇ ಕೆಟ್ಟೀತು. ಯೀಸ್ಟು ಸಾಲದೆ ಹುದುಗು ತಡವಾದರೆ ಅನ್ಯ ಸೂಕ್ಷ್ಮಜೀವಿಗಳು ಮುಂದಾಗಿ ನುಗ್ಗುವುವು. ಆದುದರಿಂದ ಅವರು ಎಣಿಸುವರು.

ಒಂದು ಗ್ರಾಂ ಒಣ ಯೀಸ್ಟಿನಲ್ಲಿ ನೂರಾರು ಕೋಟಿ ಕೋಶಗಳಿರುವುದರಿಂದ ಮೊದಲು ಅದನ್ನು ನೀರಿನಲ್ಲಿ ಕದಡಿ, ಅಳತೆಯಿಂದ ಬಹಳ ತೆಳುಮಾಡಬೇಕು. ರಕ್ತಕಣಗಳನ್ನೆಣಿಸಲು ವೈದ್ಯರು ಬಳಸುವ, ಚೌಕಗಳನ್ನು ಕೊರೆದ ಗಾಜಿನ ಫಲಕವೇ ಇಲ್ಲಿಯೂ ಸಾಧನ. ಒಂದು ಚದರ ಮಿಲಿಮೀಟರಿನ ಮೇಲೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಆಳದಲ್ಲಿ ಕಂಡ ಕೋಶಗಳನ್ನು 10,000ದಿಂದ ಗುಣಿಸಿದರೆ ಒಂದು ಮಿಲಿಲೀಟರಿನ ಲೆಕ್ಕ ದೊರೆಯುವುದು. ತೆಳುಮಾಡಿದಷ್ಟು ಪಟ್ಟು ಅದನ್ನು ಮತ್ತೆ ಹೆಚ್ಚಿಸಬೇಕು. ಮೆಥಿಲೀನ್ ನೀಲಿಯ ಹನಿಯೊಂದನ್ನು ಬೆರೆಸಿದಾಗ ಜೀವಂತ ಕೋಶವು ಬಣ್ಣವನ್ನು ಕಳೆದು ಬಿಳುಪಾಗಿಯೇ ಇರುವುದು, ಸತ್ತುದು ನೀಲಿಯಾಗಿ ನಿಲ್ಲುವುದು.

ಎಣಿಕೆಯಲ್ಲಿಯೂ ಅದೃಷ್ಟದ ಪಾಲುಂಟು. ಡಬ್ಲಿನ್ನಿನ ಗಿನೆಸ್ ಬಿಯರು ಕಾರ್ಖಾನೆಯ ಗಾಸೆಟ್ ಎಂಬವರು ‘ಸ್ಟೂಡೆಂಟ್’ ಎಂಬ ಕಾವ್ಯನಾಮದಿಂದ 1907ರಲ್ಲಿ ಈ ದೋಷವನ್ನೇ ಗಣಿತದಿಂದ ಅಳೆದರು. 400 ಕೋಶಗಳನ್ನೆಣಿಸಿದರೆ ಸುಮಾರು 20ರಷ್ಟು ಏರುಪೇರು ಸಹಜ. 25ನ್ನು ಮಾತ್ರ ಎಣಿಸಿ ಸುಮ್ಮನಾದವನು ಐದರ ಏರುಪೇರನ್ನು, ಎಂದರೆ ಐದರಲ್ಲೊಂದು ಪಾಲನ್ನು, ಹೊರಬೇಕು. ಕಾವ್ಯನಾಮವೆಂದೆವು; ಆದರೆ ಅಲ್ಲಿ ಕಾವ್ಯವೇನೂ ಇರಲಿಲ್ಲ!

ಒಣ ಯೀಸ್ಟಿಗೆ ಇನ್ನೊಂದು ತೊಡಕು. ಒಣಗಿ ಮುದುಡಿದ ಕೋಶದ ಪೊರೆಯು ನೀರು ಸೇರಿದ ಮೊದಲ ನಿಮಿಷಗಳಲ್ಲಿ ಸೋರುವುದು. ತಣ್ಣೀರು ಹಾಕಿದರೆ ಒಳಗಿನ ಸತ್ವವು ಹೊರಹೋಗಿ ಬದುಕಬೇಕಾದುದೂ ಸಾಯುವುದು; 35ರಿಂದ 40 ಡಿಗ್ರಿಯ ಉಗುರುಬೆಚ್ಚನೆಯ ನೀರೇ ಹಿತ. ಪೊರೆ ಕೂಡಿಕೊಳ್ಳುವ ಮೊದಲೇ ಬಣ್ಣ ಹಾಕಿದವನಿಗೆ ಲೆಕ್ಕ ತಪ್ಪುವುದು ಖಂಡಿತ. ನಿಶ್ಚಯ ಬೇಕಾದವರು ತೆಳುಮಾಡಿದ ದ್ರವವನ್ನು ಪೋಷಕ ಅಗರಿನ ಮೇಲೆ ಹರಡಿ, ಎರಡು ಮೂರು ದಿನಗಳಲ್ಲಿ ಮೂಡುವ ಚುಕ್ಕೆಗಳನ್ನೆಣಿಸುವರು. ಬೆಳೆಯಬಲ್ಲ ಒಂದೊಂದು ಕೋಶಕ್ಕೆ ಒಂದೊಂದು ಚುಕ್ಕೆ.

ಸೂಕ್ಷ್ಮದರ್ಶಕವಿಲ್ಲದ ನಮ್ಮ ಅಡಿಗೆಮನೆಗೆ ಒಂದು ಲೋಟ ಸಾಕು: ಉಗುರುಬೆಚ್ಚನೆಯ ನೀರು, ಚಿಟಿಕೆ ಸಕ್ಕರೆ, ಒಂದು ಚಮಚ ಯೀಸ್ಟು. ಹತ್ತು ಹದಿನೈದು ನಿಮಿಷಗಳಲ್ಲಿ ನೊರೆಯೇಳದಿದ್ದರೆ ಆ ಪೊಟ್ಟಣವನ್ನು ನಂಬಿ ಹಿಟ್ಟು ಕಲಸಬೇಡಿರಿ.