ದೋಹಾದ ಫೈನಲ್‌ಗೆ ಮುಂಚಿನ ಹದಿನೇಳು ದಿನ

ನಮ್ಮ ಬಳಗದಲ್ಲಿ ಕ್ರಿಕೆಟ್ಟಿನ ಮಾತು ಬಂದರೆ ಕವಿಗೋಷ್ಠಿಯೂ ಹತ್ತು ನಿಮಿಷ ನಿಲ್ಲುತ್ತದೆ. ಫುಟ್‌ಬಾಲಿಗೆ ಅಷ್ಟು ಮರ್ಯಾದೆ ಇಲ್ಲ. ಯೂರೋಪಿನ ಚಾಂಪಿಯನ್ಸ್ ಲೀಗ್ ಫೈನಲ್ ಹತ್ತಿರ ಬಂದಾಗ ಮನೆಯ ಮಕ್ಕಳು ಎರಡು ದಿನ ಮೊದಲೇ ಚಡಪಡಿಸತೊಡಗುತ್ತಾರೆ. "ಒಮ್ಮೆಯೂ ಕಾಲಿಡದ ಲಿವರ್‌ಪೂಲಿಗಾಗಿ ಇದೇನು ಹುಚ್ಚಪ್ಪಾ" ಎಂದು ನಾವು ನಗುತ್ತೇವೆ. ಆದರೆ ಆ ಹುಚ್ಚಿಗೂ ಒಂದು ಲೆಕ್ಕವಿದೆ, ಲೆಕ್ಕಕ್ಕೆ ಸಿಗದ ಒಂದು ಭಾಗವೂ ಇದೆ. ಎರಡನ್ನೂ ಬಿಡಿಸಿ ಹೇಳಲು ನಮ್ಮ ಬೆಂಗಳೂರಿನದೇ ಒಂದು ಕಥೆ ಉಂಟು.

ಮೊದಲು ಲೆಕ್ಕ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಪ್ರತಿ ತಂಡವೂ ವರ್ಷಕ್ಕೆ 38 ಪಂದ್ಯ ಆಡುತ್ತದೆ. ಅಷ್ಟು ಹೊತ್ತಿಗೆ ಬಲಶಾಲಿ ಯಾರು ಎಂಬುದು ತಾನಾಗಿಯೇ ತಿಳಿದುಬಿಡುತ್ತದೆ. ಫೈನಲ್ ಹಾಗಲ್ಲ. ಒಂದೇ ಪಂದ್ಯ, 90 ನಿಮಿಷ. ಕ್ರಿಕೆಟ್ಟಿನಲ್ಲಿ ಒಂದು ತಪ್ಪು ನೂರಾರು ರನ್ನುಗಳ ನಡುವೆ ಮುಚ್ಚಿಹೋಗಬಹುದು. ಫುಟ್‌ಬಾಲಿನಲ್ಲಿ ಇಡೀ ಪಂದ್ಯಕ್ಕೆ ಬೀಳುವುದು ಒಂದೋ ಎರಡೋ ಗೋಲು. ಒಬ್ಬನ ಕಾಲು ಜಾರಿದರೆ ಕಪ್ಪು ಕೈ ಬದಲಾಯಿಸುತ್ತದೆ. ಆದ್ದರಿಂದ ಬಡ ತಂಡದ ಅಭಿಮಾನಿ ಆಸೆ ಇಟ್ಟುಕೊಂಡರೆ ಅದು ಮೂರ್ಖತನವಲ್ಲ. 2005ರ ಮೇ 25ರಂದು ಇಸ್ತಾಂಬುಲ್‌ನಲ್ಲಿ ಎ.ಸಿ. ಮಿಲಾನ್ ಅರ್ಧ ಪಂದ್ಯ ಮುಗಿಯುವಾಗ 3-0 ಮುಂದಿತ್ತು. ಲಿವರ್‌ಪೂಲ್ ದ್ವಿತೀಯಾರ್ಧದ ಆರೇ ನಿಮಿಷಗಳಲ್ಲಿ ಮೂರೂ ಗೋಲು ತೀರಿಸಿ, ಕೊನೆಗೆ ಪೆನಾಲ್ಟಿಗಳಲ್ಲಿ ಗೆದ್ದಿತು. ಅಂದಿನಿಂದ ಜಗತ್ತಿನ ಯಾವ ಅಭಿಮಾನಿಯೂ ಅರ್ಧದಲ್ಲಿ ಟೀವಿ ಆರಿಸುವುದಿಲ್ಲ.

ಈಗ ಬೆಂಗಳೂರಿಗೆ ಬರೋಣ. ಬೆಂಗಳೂರು ಎಫ್.ಸಿ. ಹುಟ್ಟಿದ್ದು 2013ರಲ್ಲಿ. ಆಡಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎ.ಎಫ್.ಸಿ. ಕಪ್ ಸೆಮಿಫೈನಲ್ ತಲುಪಿತು. ಅದು ಆಗ ಏಷ್ಯಾದ ಕ್ಲಬ್‌ಗಳಿಗೆ ಎರಡನೇ ದರ್ಜೆಯ ಪಂದ್ಯಾವಳಿ. ಹಿಂದೆ 2008ರಲ್ಲಿ ಗೋವಾದ ಡೆಂಪೊ, 2013ರಲ್ಲಿ ಕೊಲ್ಕತ್ತಾದ ಈಸ್ಟ್ ಬೆಂಗಾಲ್ ಇಲ್ಲಿಯವರೆಗೆ ಬಂದು ನಿಂತಿದ್ದವು. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೋರ್. ಅಲ್ಲಿ 1-1. ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲ ಗೋಲು ಜೊಹೋರ್ ಹೊಡೆದರೂ, ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು ಹೊಡೆದು 3-1ರಲ್ಲಿ ಗೆಲ್ಲಿಸಿದರು. ಭಾರತದ ಕ್ಲಬ್ಬೊಂದು ಈ ಕಪ್ಪಿನ ಫೈನಲ್ ಮುಟ್ಟಿದ್ದು ಅದೇ ಮೊದಲು.

ಫೈನಲ್ ನವೆಂಬರ್ 5ಕ್ಕೆ, ಕತಾರಿನ ದೋಹಾದಲ್ಲಿ. ನಡುವಿನ ಹದಿನೇಳು ದಿನ ಅಭಿಮಾನಿ ಏನು ಮಾಡುತ್ತಾನೆ? ತಕ್ಕಡಿ ಹಿಡಿದು ಕೂರುತ್ತಾನೆ. ಒಂದು ತಟ್ಟೆಯಲ್ಲಿ ಛೆಟ್ರಿಯ ಕಾಲು. ಜೊತೆಗೆ ಕೋಚ್ ಆಲ್ಬರ್ಟ್ ರೋಕಾ. 2006ರಲ್ಲಿ ಬಾರ್ಸಿಲೋನಾ ಯೂರೋಪಿನ ಕಪ್ ಗೆದ್ದಾಗ ಆ ತಂಡದ ಸಹಾಯಕ ತರಬೇತುದಾರರಲ್ಲಿ ಒಬ್ಬರಾಗಿದ್ದವರು. ಇನ್ನೊಂದು ತಟ್ಟೆಯಲ್ಲಿ ಭಯಗಳು. ಗೋಲ್‌ಕೀಪರ್ ಅಮರಿಂದರ್ ಸಿಂಗ್ ಹಳದಿ ಕಾರ್ಡುಗಳ ದೆಸೆಯಿಂದ ಫೈನಲ್ ಆಡುವಂತಿಲ್ಲ. ಬದಲಿಗೆ ಲಾಲ್ತುವಮ್ಮಾವಿಯಾ ರಾಲ್ಟೆ ನಿಲ್ಲಬೇಕು. ಎದುರಿಗಿರುವುದು ಬಾಗ್ದಾದಿನ ವಾಯುಪಡೆಯ ತಂಡ ಅಲ್-ಕುವಾ ಅಲ್-ಜವಿಯಾ. ಅದರ ಹಮ್ಮಾದಿ ಅಹ್ಮದ್ ಒಬ್ಬನೇ ಆಗಲೇ 15 ಗೋಲು ಹೊಡೆದಿದ್ದ. ತಕ್ಕಡಿ ಯಾವ ಕಡೆ ವಾಲುತ್ತಿದೆ ಎಂದು ಅಭಿಮಾನಿಗೆ ಗೊತ್ತು. ಗೊತ್ತಿದ್ದೂ ಬೆಳಿಗ್ಗೆ ಎದ್ದು ಮತ್ತೆ ತೂಗುತ್ತಾನೆ.

ಇಲ್ಲಿಯವರೆಗೆ ಲೆಕ್ಕ. ಲೆಕ್ಕಕ್ಕೆ ಸಿಗದ ಭಾಗ ಇನ್ನು ಮುಂದಿದೆ. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ರಾಲ್ಟೆ ಮಿಜೋರಾಮಿನವರು, ಹುವಾನನ್ ಮತ್ತು ರೋಕಾ ಸ್ಪೇನಿನವರು. ನಾವು ಬಿಟ್ಟು ಬಂದ ಊರಿನ ಹೆಸರನ್ನು, ಆ ಊರಿಗೆ ಹೊರಗಿನಿಂದ ಬಂದವರು ಎದೆಯ ಮೇಲೆ ಹೊತ್ತು ನಿಂತಿದ್ದರು. ಎದುರಾಳಿಯ ಸ್ಥಿತಿಯೂ ಅದೇ. ಆತಿಥ್ಯದ ಸರದಿ ಇರಾಕಿ ತಂಡದ್ದೇ ಆದರೂ, ಆಗ ಇರಾಕಿನಲ್ಲಿ ಇಂಥ ಪಂದ್ಯ ನಡೆಸುವಂತಿರಲಿಲ್ಲ. ಅದಕ್ಕೇ ದೋಹಾ ಅವರ 'ಮನೆ'ಯಾಯಿತು. ಎರಡೂ ತಂಡಗಳು ಊರು ಬಿಟ್ಟು ಆಡಿದವು. ನೋಡಲು ಬಂದವರಲ್ಲಿ ಕತಾರಿನಲ್ಲಿ ದುಡಿಯುವ ಭಾರತೀಯರೂ ಇದ್ದರು. ಬೆಂಗಳೂರಿನಲ್ಲಿ ಅದು ರಾತ್ರಿ ಒಂಬತ್ತೂವರೆ, ಇಲ್ಲಿ ವಾಷಿಂಗ್ಟನ್ನಿನಲ್ಲಿ ಶನಿವಾರ ನಡುಮಧ್ಯಾಹ್ನ. ಅಧ್ಯಕ್ಷರ ಚುನಾವಣೆಗೆ ಮೂರೇ ದಿನ ಉಳಿದಿದ್ದ ಸಮಯ. ನೆರೆಹೊರೆಯವರೆಲ್ಲ ಬೇರೆಯದೇ ಸ್ಪರ್ಧೆಯ ಚಿಂತೆಯಲ್ಲಿದ್ದಾಗ, ಬೆಂಗಳೂರಿನವರು ಯಾರಾದರೂ ಕಂಪ್ಯೂಟರಿನ ಮುಂದೆ ಉಸಿರು ಹಿಡಿದು ಕೂತಿದ್ದರೆ ಅದು ಕಪ್ಪಿನ ಆಸೆಗಷ್ಟೇ ಅಲ್ಲ. ಊರು ಬಿಟ್ಟವನಿಗೆ ಊರಿನ ಮೇಲೆ ಉಳಿಯುವ ಹಕ್ಕು ಬಹಳ ಕಡಿಮೆ. ಅದಕ್ಕಾಗಿ ಆತಂಕಪಡುವ ಹಕ್ಕು ಒಂದು ಉಳಿದಿರುತ್ತದೆ. ಅದನ್ನು ಯಾರೂ ಕಿತ್ತುಕೊಳ್ಳಲಾರರು.

ರಾಲ್ಟೆ ಹಲವು ಹೊಡೆತಗಳನ್ನು ತಡೆದರು. ಎಪ್ಪತ್ತನೇ ನಿಮಿಷದ ಹೊತ್ತಿಗೆ ಹಮ್ಮಾದಿ ತನ್ನ 16ನೇ ಗೋಲು ಹೊಡೆದ. 1-0. ಮುಗಿಯಿತು. ಆ ಇರಾಕಿ ತಂಡ 2017, 2018ರಲ್ಲೂ ಕಪ್ ಗೆದ್ದಿತು. 2024ರಲ್ಲಿ ಆ ಪಂದ್ಯಾವಳಿಯೇ ಆ ಹೆಸರಿನಲ್ಲಿ ನಿಂತುಹೋಯಿತು. ಅದರ ಫೈನಲ್ ಆಡಿದ ಭಾರತದ ಏಕೈಕ ಕ್ಲಬ್ ಬೆಂಗಳೂರಿನದಾಗಿಯೇ ಉಳಿಯಿತು.

ಎರಡು ವರ್ಷದ ಬಳಿಕ, 2018ರ ಡಿಸೆಂಬರ್ 8ರಂದು, ಅಟ್ಲಾಂಟಾದಲ್ಲಿ 73 ಸಾವಿರ ಜನರ ಎದುರು ಅಟ್ಲಾಂಟಾ ಯುನೈಟೆಡ್ ತಂಡ ಪೋರ್ಟ್‌ಲೆಂಡನ್ನು 2-0ಯಿಂದ ಸೋಲಿಸಿ ಅಮೆರಿಕದ ಎಂ.ಎಲ್.ಎಸ್. ಕಪ್ ಗೆದ್ದಿತು. ಲೀಗಿಗೆ ಬಂದು ಎರಡೇ ವರ್ಷವಾಗಿದ್ದ ತಂಡ ಅದು. ಅಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅದೇ 'ನಮ್ಮ ಊರಿನ ತಂಡ'. ಅವರಿಗೆ ಚಡಪಡಿಸಲು ಒಂದು ಊರು ಸಿಕ್ಕಿದೆ, ನಮಗೆ ಎರಡು. ಮುಂದಿನ ಫೈನಲ್‌ಗೆ ಮುಂಚೆ ಮನೆಯ ಹುಡುಗ ಊಟ ಬಿಟ್ಟು ಕೂತರೆ ನಗಬೇಡಿ. ಪಕ್ಕದಲ್ಲಿ ಕೂತು, ಗೋಲ್‌ಕೀಪರ್ ಯಾರೆಂದು ಕೇಳಿ. ಆಮೇಲೆ ದೋಹಾದ ಕಥೆ ಹೇಳಿ.