ಕೊಲೊನೊಸ್ಕೋಪಿ: ಕರುಳಿಗೆ ಗಾಳಿ ತುಂಬಬೇಕಾ, ನೀರಾ?

ಹೋದ ವಿಡಿಯೋ ಆದಮೇಲೆ ಪುಣೆಯಿಂದ ಒಬ್ಬರು ಕೇಳಿದ್ರು: "ಅಪ್ಪನಿಗೆ ಕೊಲೊನೊಸ್ಕೋಪಿ ಆಯ್ತು, ಎರಡು ಪಾಲಿಪ್ ತೆಗೆದ್ರು. ಸಂಜೆವರೆಗೂ ಹೊಟ್ಟೆ ಉಬ್ಬರಿಸಿ ಒದ್ದಾಡಿದ್ರು. ಮತ್ತೆ ಮಾಡಿಸಬೇಕು ಅಂದ್ರೆ ಒಲ್ಲೆ ಅಂತಾರೆ. ಒಳಗೆ ಗಾಳಿ ಯಾಕೆ ತುಂಬ್ತಾರೆ?"

ಖಾಲಿ ಕರುಳು ಗಾಳಿ ಬಿಟ್ಟ ಬಲೂನಿನ ಹಾಗೆ ಮುದುಡಿಕೊಂಡಿರುತ್ತೆ. ಕ್ಯಾಮೆರಾಗೆ ಗೋಡೆ ಕಾಣಬೇಕು ಅಂದ್ರೆ ಏನಾದ್ರೂ ತುಂಬಿ ಅದನ್ನ ಬಿಡಿಸಲೇಬೇಕು. ಹಳೇ ಪದ್ಧತಿ ಅಂದ್ರೆ ಕೋಣೆಯ ಮಾಮೂಲಿ ಗಾಳಿ. ಅದರಲ್ಲಿ ಬಹುಪಾಲು ನೈಟ್ರೋಜನ್. ಅದು ರಕ್ತಕ್ಕೆ ಸೇರೋದು ತುಂಬಾ ನಿಧಾನ, ಹಾಗಾಗಿ ಹೂಸಾಗಿ (ನಾಚಿಕೆ ಬೇಡ, ಎಲ್ಲರಿಗೂ ಬರೋದೇ) ಹೊರಬೀಳೋವರೆಗೂ ಹೊಟ್ಟೆ ಬಿಗಿ. ಅದರ ಬದಲು ಕಾರ್ಬನ್ ಡೈಆಕ್ಸೈಡ್ ಬಿಟ್ರೆ ಅದು ನೈಟ್ರೋಜನ್‌ಗಿಂತ ನೂರಾರು ಪಟ್ಟು... ಸರಿ, ನೂರು ಪಟ್ಟಿಗಿಂತ ಜಾಸ್ತಿ ಅಂತ ಇಟ್ಕೊಳ್ಳಿ, ಅಷ್ಟು ಬೇಗ ರಕ್ತಕ್ಕೆ ಹೋಗಿ ಉಸಿರಿನಲ್ಲಿ ಹೊರಬರುತ್ತೆ. ಆಮೇಲಿನ ಉಬ್ಬರ, ನೋವು ಕಡಿಮೆ. ಆದ್ರೆ ಇದು ಹೊಟ್ಟೆಗೆ ಆರಾಮ ಅಷ್ಟೇ. ಅಂಟಿದ ಕೊಳೆಯನ್ನ ಯಾವ ಗಾಳಿಯೂ ತೊಳೆಯಲ್ಲ.

ಅಲ್ಲಿಗೆ ನೀರು ಬರುತ್ತೆ. ಲಾಸ್ ಏಂಜಲೀಸ್‌ನ ಮಾಜಿ ಸೈನಿಕರ ಆಸ್ಪತ್ರೆಯ ಡಾ. ಫೆಲಿಕ್ಸ್ ಲ್ಯುಂಗ್ ಮತ್ತು ಜೊತೆಗಾರರು ಇದನ್ನ ಬೆಳೆಸಿದ್ದು ಮಂಪರಿನ ಔಷಧಿ ಇಲ್ಲದೆ, ನೋವು ಕಡಿಮೆ ಮಾಡಿ ಪರೀಕ್ಷೆ ಮುಗಿಸೋಕೆ. ಸ್ಕೋಪ್ ಒಳಗೆ ಹೋಗುವಾಗ ಗಾಳಿ ಪೂರ್ತಿ ಬಂದ್. ಸ್ವಚ್ಛ ನೀರು ಬಿಡೋದು, ಕೊಳೆ ನೀರು ಎಳೆಯೋದು, ಮತ್ತೆ ಬಿಡೋದು. ಅಕ್ಕಿ ತೊಳೆದ ಹಾಗೆ, ನೀರು ತಿಳಿಯಾಗೋವರೆಗೆ. ಕರುಳು ಹಿಗ್ಗಿ ಉದ್ದ ಆಗಲ್ಲ, ಅದಕ್ಕೇ ನೋವೂ ಕಮ್ಮಿ.

ಆಮೇಲೆ ಗೊತ್ತಾದ ಲಾಭ ಇನ್ನೂ ದೊಡ್ಡದು. ಪಾಲಿಪ್ ಹುಡುಕೋದು ಮುಖ್ಯವಾಗಿ ಸ್ಕೋಪ್ ಹಿಂದಕ್ಕೆ ಎಳೆಯುವಾಗ, ಆಗ ಸಾಮಾನ್ಯವಾಗಿ ಗಾಳಿಯನ್ನೇ ಬಿಟ್ಟು ನೋಡ್ತಾರೆ. ತೊಳೆಯೋ ಕೆಲಸ ಮೊದಲೇ ಮುಗಿದಿದ್ರೆ ಡಾಕ್ಟರ ಗಮನ ಪೂರ್ತಿ ಗೋಡೆ ಮೇಲೆ. ಬಲಭಾಗದ ಕರುಳಿನಲ್ಲಿ ಚಪ್ಪಟೆ ಪಾಲಿಪ್‌ಗಳು ಲೋಳೆ ಹೊದ್ದು ಮಡಿಕೆಯ ಹಿಂದೆ ಕೂತಿರ್ತವೆ, ತಪ್ಪಿಹೋಗೋದು ಇಂಥವೇ. ಹೋಲಿಕೆ ಅಧ್ಯಯನಗಳಲ್ಲಿ ಕ್ಯಾನ್ಸರ್ ಆಗಬಲ್ಲ ಪಾಲಿಪ್‌ಗಳು ಗಾಳಿಗಿಂತ ಈ ವಿಧಾನದಲ್ಲಿ ಹೆಚ್ಚು ಸಿಕ್ಕಿವೆ. ಬರೀ ನೀರು ತುಂಬಿ ಒಳಹೋಗಿ, ವಾಪಸ್ ಬರುವಾಗ ಎಳೆದುಕೊಂಡ್ರೆ ಅಷ್ಟು ಲಾಭ ಇಲ್ಲ.

ಹಾಗಾದ್ರೆ ಎಲ್ಲರೂ ಯಾಕೆ ಮಾಡಲ್ಲ? ಒಳಹೋಗೋಕೆ ಕೆಲವು ನಿಮಿಷ ಜಾಸ್ತಿ ಬೇಕು, ಕೈ ಪಳಗಬೇಕು. ದಿನಕ್ಕೆ ಹತ್ತಾರು ಪರೀಕ್ಷೆ ಮಾಡೋ ಕಡೆ ಆ ನಿಮಿಷಗಳೇ ದುಬಾರಿ.

ಇನ್ನೊಂದು. ನೀರಿನಿಂದ ತೊಳೀತಾರಲ್ಲ ಅಂತ ಬೇಧಿ ಔಷಧಿ ಅರ್ಧಕ್ಕೆ ಬಿಡಬೇಡಿ. ಬೆಳಗಿನ ಎರಡನೇ ಡೋಸ್ ಕುಡಿದ್ರೆ ಥಾಣೆಯಿಂದ ಲೋಕಲ್‌ನಲ್ಲಿ ಹೇಗೆ ಬರೋದು ಅಂತ ಅದನ್ನ ಬಿಟ್ಟುಬಿಡೋರಿದ್ದಾರೆ. ಬಲಭಾಗ ಶುಚಿಯಾಗೋದೇ ಆ ಡೋಸ್‌ನಿಂದ! ಬೇಕಾದ್ರೆ ಅಪಾಯಿಂಟ್‌ಮೆಂಟ್ ಸ್ವಲ್ಪ ತಡವಾಗಿ ಕೇಳಿ.

ಪುಣೆಯವರೇ, ಪಾಲಿಪ್ ಸಿಕ್ಕವರಿಗೆ ಮರುಪರೀಕ್ಷೆ ಸುಮ್ಮನೆ ಹೇಳಿರಲ್ಲ. ಮುಂದಿನ ಸಲ ಕಾರ್ಬನ್ ಡೈಆಕ್ಸೈಡ್ ಇದೆಯಾ, ನೀರಿನ ವಿಧಾನ ರೂಢಿ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ತಂದೆಯವರಿಗೆ ಶ್ವಾಸಕೋಶದ ತೀವ್ರ ಕಾಯಿಲೆ ಏನಾದ್ರೂ ಇದ್ರೆ ಅದನ್ನೂ ಆಗಲೇ ಹೇಳಿಬಿಡಿ.