ಸಾತಾರಾ ರಸ್ತೆಯಲ್ಲೊಂದು ಕನ್ನಡದ ಪುಟ

ಪುಣೆಯ ಸಾತಾರಾ ರಸ್ತೆಯ ಬಳಿಯ ಧನಕವಡಿಯಲ್ಲಿ ಪುಣೆ ಇನ್‌ಸ್ಟಿಟ್ಯೂಟ್ ಆಫ್ ಕಂಪ್ಯೂಟರ್ ಟೆಕ್ನಾಲಜಿ ಇದೆ, ಹತ್ತಿರದಲ್ಲೇ ಭಾರತಿ ವಿದ್ಯಾಪೀಠದ ಆವರಣ. ಹಾಗಾಗಿ ಪ್ರಿಂಟು, ಬೈಂಡಿಂಗಿನ ಅಂಗಡಿಗಳಿಗೆ ಇಲ್ಲಿ ಬರವಿಲ್ಲ. ಇಂಗ್ಲಿಷ್ ಪ್ರಾಜೆಕ್ಟ್ ವರದಿ ಪೆನ್‌ಡ್ರೈವಿನಲ್ಲಿ ತಂದರೆ ಸಲೀಸಾಗಿ ಅಚ್ಚಾಗುತ್ತದೆ. ಅದೇ ಅಂಗಡಿಗೆ ಗೃಹಪ್ರವೇಶದ ಕನ್ನಡ ಆಮಂತ್ರಣವನ್ನೋ ಸಂಘದ ಸ್ಮರಣ ಸಂಚಿಕೆಯ ಲೇಖನವನ್ನೋ ವರ್ಡ್ ಫೈಲಾಗಿ ಒಯ್ದರೆ ಕಥೆಯೇ ಬೇರೆ. ನಿಮ್ಮ ಫಾಂಟು ಅಲ್ಲಿಲ್ಲದಿದ್ದರೆ ಸಾಲುಗಳು ಜಾಗ ಬಿಟ್ಟು ಓಡುತ್ತವೆ. ಯೂನಿಕೋಡ್ ಅಲ್ಲದ, ನುಡಿ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಕಡತವಾದರಂತೂ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ.

ತಪ್ಪು ಪ್ರಿಂಟರಿನದಲ್ಲ. ಲೇಸರ್ ಪ್ರಿಂಟರಿಗೆ ಯಾವ ಭಾಷೆಯೂ ಗೊತ್ತಿಲ್ಲ. ಇಂಚಿಗೆ 600 ಚುಕ್ಕಿಯಂತೆ ಟೋನರನ್ನು ಕಾಗದಕ್ಕೆ ಅಂಟಿಸಿ, ಬಿಸಿಯಿಂದ ಕರಗಿಸಿ ಕೂರಿಸುವುದಷ್ಟೇ ಅದರ ಕೆಲಸ. ಅಕ್ಷರ ಕೂಡಿಸುವ ಹೊಣೆ ಅದಕ್ಕೂ ಮೊದಲೇ ಮುಗಿದಿರಬೇಕು. ‘ಧರ್ಮ’ ಎಂದು ಬೆರಳಚ್ಚಿಸಿದಾಗ ಕಂಪ್ಯೂಟರಿನ ಸ್ಮೃತಿಯಲ್ಲಿ ರಕಾರ ಮೊದಲು, ಮಕಾರ ಆಮೇಲೆ. ಕಾಗದದ ಮೇಲೆ ಮಕಾರ ಮುಂದೆ, ಅರ್ಕಾವೊತ್ತು ಹಿಂದೆ. ‘ರಾಷ್ಟ್ರ’ದಲ್ಲಿ ಷಕಾರದಡಿ ಟ, ರ ಎರಡೂ ತೂಗುತ್ತವೆ. ಈ ಅದಲುಬದಲನ್ನು ಯಾವ ತಂತ್ರಾಂಶ ಮಾಡುತ್ತದೆ ಎಂಬುದೇ ಕನ್ನಡ ಮುದ್ರಣದ ತಿರುಳು.

ಈ ಪ್ರಶ್ನೆಗೆ ಒಂದು ಕಾಲದ ಉತ್ತರ ಇದೇ ಪುಣೆ–ಸಾತಾರಾ ರಸ್ತೆಯಿಂದ ಬಂದಿತ್ತು. ಇಲ್ಲಿನ ಎಲೆಕ್ಟ್ರಾನಿಕ್ ಕೋಆಪರೇಟಿವ್ ಎಸ್ಟೇಟಿನ ಮಾಡ್ಯುಲರ್ ಇನ್ಫೋಟೆಕ್ ರೂಪಿಸಿದ ಶ್ರೀಲಿಪಿ, ಮರಾಠಿಯ ಜೊತೆಗೆ ಕನ್ನಡದ ಡಿಟಿಪಿ ಅಂಗಡಿಗಳಿಗೂ ಅನ್ನ ಕೊಟ್ಟಿತು. ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರಿಗೆ ಭಾರತೀಯ ಲಿಪಿಗಳ ಗಂಧವೇ ಇರಲಿಲ್ಲ. ಆದ್ದರಿಂದ ಅಕ್ಷರದ ಚೂರುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಕಡತಕ್ಕೂ ಫಾಂಟಿಗೂ ಬಿಡಿಸಲಾಗದ ಗಂಟು ಬಿದ್ದದ್ದು ಹಾಗೆ. ಅಂದು ಅದು ಅನಿವಾರ್ಯ ಜಾಣ್ಮೆ. ಅದಿಲ್ಲದೆ ಎಷ್ಟೋ ಕನ್ನಡ ಪುಸ್ತಕಗಳು ಹೊರಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಇಂದು ಹಣ ಕೊಡದೆಯೇ ಒಳ್ಳೆಯ ಪುಟ ಕಟ್ಟಬಹುದು. ಡೊನಾಲ್ಡ್ ಕನೂತ್ 1978ರಲ್ಲಿ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಕೊಟ್ಟರು. ಅದನ್ನು ಯೂನಿಕೋಡಿಗೆ ಒಗ್ಗಿಸಿ ಜೊನಾಥನ್ ಕ್ಯೂ 2004ರಲ್ಲಿ ಝೀಟೆಕ್ ಹೊರತಂದರು. ಟೆಕ್ ಲೈವ್ ಕಂತೆಯನ್ನು ಹಾಕಿಕೊಂಡು, ನೊಟೊ ಸೆರಿಫ್ ಕನ್ನಡವನ್ನೋ ರೆಡ್ ಹ್ಯಾಟ್‌ನ ಲೋಹಿತ್ ಕನ್ನಡವನ್ನೋ ಆರಿಸಿ. ಆದರೆ ಫಾಂಟು ಆರಿಸುವ ಫಾಂಟ್‌ಸ್ಪೆಕ್ ಪ್ಯಾಕೇಜಿನಲ್ಲಿ ಲಿಪಿ ಕನ್ನಡವೆಂದು ಸ್ಪಷ್ಟವಾಗಿ ಬರೆಯಲೇಬೇಕು, ಇಲ್ಲವಾದರೆ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ. ಇನ್ನು ಸಾಲಿನ ಅಂತರ. ಇಂಗ್ಲಿಷಿನ ಅಳತೆಯನ್ನೇ ಉಳಿಸಿಕೊಂಡರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 12 ಪಾಯಿಂಟಿನ ಅಕ್ಷರಕ್ಕೆ 18ರಿಂದ 20 ಪಾಯಿಂಟ್ ಕೊಡಿ, ಪುಟ ಉಸಿರಾಡುತ್ತದೆ. ಕಾಗದ ಉಳಿಸಲು ಇಲ್ಲಿ ಜಿಪುಣತನ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ವಯಸ್ಸಾದವರು ಓದುವ ಪುಟವದು.

ಮನೆಯಲ್ಲೇ ಪ್ರಿಂಟರಿದ್ದರೆ, ಲಿನಕ್ಸ್‌ನಲ್ಲಿ ಕಪ್ಸ್ ಎಂಬ ವ್ಯವಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಬಲ್ಲ ಯಂತ್ರಗಳಿಗೆ ಹೆಚ್ಚು ಉಪಚಾರ ಬೇಡ. ಅಗ್ಗದ ಯಂತ್ರಗಳದ್ದೇ ರಗಳೆ: ಎಚ್‌ಪಿ ಲೇಸರ್‌ಜೆಟ್ 1020 ತನ್ನ ಫರ್ಮ್‌ವೇರನ್ನು ಇಟ್ಟುಕೊಳ್ಳುವುದಿಲ್ಲ, ಪ್ರತಿ ಬಾರಿ ಸ್ವಿಚ್ ಹಾಕಿದಾಗಲೂ ಕಂಪ್ಯೂಟರೇ ಕಳಿಸಬೇಕು, ಕ್ಯಾನನ್ ಎಲ್‌ಬಿಪಿ 2900ಕ್ಕೆ ಅದರದೇ ಡ್ರೈವರ್ ಬೇಕು. ಮುದ್ರಿಸುವ ಮೊದಲು ಇದನ್ನೂ ನೋಡಿ. ಕಾಗದದ ಅಳತೆ ಲೆಟರ್ ಎಂದಿದ್ದರೆ ಎ4ಗೆ ಬದಲಿಸಿ, ‘ಫಿಟ್ ಟು ಪೇಜ್’ ತೆಗೆದು ನಿಜ ಅಳತೆಯಲ್ಲೇ ಮುದ್ರಿಸಿ.

ಅಂಗಡಿಗೆ ಹೋಗುವವರಿಗೆ ಒಂದೇ ಮಾತು: ಪಿಡಿಎಫ್ ಒಯ್ಯಿರಿ, ಫಾಂಟು ಅದರೊಳಗೇ ಹುದುಗಿರಲಿ. ಪಿಡಿಎಫ್‌ಫಾಂಟ್ಸ್ ಎಂಬ ಆಜ್ಞೆ ಕೊಟ್ಟರೆ ಹುದುಗಿದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಹಾಗಿದ್ದಾಗ ಕನ್ನಡ ಓದಲು ಬಾರದ ಅಂಗಡಿಯವನೂ ನಿಮ್ಮ ಪುಟವನ್ನು ಕೆಡದಂತೆ ಕೊಡಬಲ್ಲ. ಹಳೆಯ ಶ್ರೀಲಿಪಿ ಕಡತಗಳನ್ನು ಕಾಪಿಟ್ಟಿರುವ ಸಂಘಗಳು ಮಾತ್ರ ಮೊದಲು ಅವನ್ನು ಯೂನಿಕೋಡಿಗೆ ತಂದು, ಅರ್ಕಾವೊತ್ತು, ಜೋಡಿ ಒತ್ತುಗಳಿರುವ ಕಡೆಯೆಲ್ಲ ಕರಡು ತಿದ್ದಲೇಬೇಕು. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲೇ.